ಕೋಲಾರದಲ್ಲಿ ಕೌನ್ಸೆಲರ್ ಸಿಗ್ತಾರಾ, ಇನ್ಶೂರೆನ್ಸ್ ನಡೆಯುತ್ತಾ?

ನಿಮ್ಮ ಅತ್ತೆಯವರಿಗೆ ಕೌನ್ಸೆಲರ್ ತಾನೇ, ಸಿಗ್ತಾರೆ ಸಾರ್. ಆದರೆ ಬೋರ್ಡ್ ನೋಡಿಕೊಂಡು ಊರು ಸುತ್ತಿದರೆ ಸಿಗೋದಿಲ್ಲ. ಕೌನ್ಸೆಲಿಂಗ್ ಮಾಡೋ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳು, ಅಂದರೆ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಸಮಾಜ ಕಾರ್ಯಕರ್ತರು, ಹೆಚ್ಚಾಗಿ ಆಸ್ಪತ್ರೆಗಳಲ್ಲೇ ಇರುತ್ತಾರೆ. ಮೊದಲು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಎಲ್ಲಿ ಕೂರುತ್ತಾರೆ ಅಂತ ಕೇಳಿ. ಕೋಲಾರದ ಪಕ್ಕದ ಟಮಕದ ಮೆಡಿಕಲ್ ಕಾಲೇಜಿನಲ್ಲೂ ಮಾನಸಿಕ ರೋಗ ವಿಭಾಗ ಇದೆ.

ನೀವು ಧಾರವಾಡದ ಕಡೆಯವರು, ಅದಕ್ಕೇ ಇಲ್ಲಿನ ಭಾಷೆ ವಿಷಯ ಬಿಡಿಸಿ ಹೇಳಬೇಕು. ನಿಮ್ಮ ಅತ್ತೆಯವರು ಮುಳಬಾಗಿಲಿನವರು, ಮನೆಮಾತು ತೆಲುಗು ಅಂದಿರಲ್ವಾ? ನಮ್ಮ ಗಡಿ ಕಡೆ ಅರ್ಜಿ ಬರೆಯೋದು ಕನ್ನಡದಲ್ಲಿ, ಜಗಳ ಆಡೋದು ತೆಲುಗಿನಲ್ಲಿ, ಅಳೋದೂ ಅದರಲ್ಲೇ. ಕೆಜಿಎಫ್ ಕಡೆ ಹೋದರೆ ಆ ಜಾಗದಲ್ಲಿ ತಮಿಳು. ಹಾಗಾಗಿ ಡಿಗ್ರಿ ಜೊತೆಗೆ ‘ತೆಲುಗು ಬರುತ್ತಾ?’ ಅಂತಲೂ ಕೇಳಿ. ನೀವೋ ನಿಮ್ಮ ಮನೆಯವರೋ ಪಕ್ಕದಲ್ಲಿ ಕೂತು ಅರ್ಥ ಹೇಳೋದು ಬೇಡ. ಅಳಿಯನ ಮುಂದೆ ಯಾವ ಅತ್ತೆ ಮನಸ್ಸು ಬಿಚ್ಚುತ್ತಾರೆ? ಅಷ್ಟರವರೆಗೆ 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ಇದೆ, ದುಡ್ಡು ಕಟ್ಟೋ ಹಾಗಿಲ್ಲ.

ಡಿಗ್ರಿ ವಿಷಯ ಇಷ್ಟೇ: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅನ್ನಿಸಿಕೊಳ್ಳೋಕೆ ಸೋಶಿಯಲ್ ವರ್ಕ್‌ನಲ್ಲಿ ಪಿಜಿ ಆಗಿರಬೇಕು, ಅದರ ಮೇಲೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ನಲ್ಲೇ ಎರಡು ವರ್ಷದ ಎಂ.ಫಿಲ್ ಇರಬೇಕು. ವಾರಾಂತ್ಯದ ಕೋರ್ಸ್ ಮಾಡಿ ‘ಲೈಫ್ ಕೋಚ್’ ಅಂತ ಕಾರ್ಡ್ ಹಂಚುವವರೇ ಬೇರೆ.

ಇನ್ನು ಇನ್ಶೂರೆನ್ಸ್. ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಇದನ್ನು ನಂಬಿ ಬಿಲ್ ಹಿಡಿದುಕೊಂಡು ಹೋದವರು ಸಪ್ಪೆ ಮುಖದಲ್ಲಿ ವಾಪಸ್ ಬರುತ್ತಾರೆ. ಯಾಕೆಂದರೆ ಸಾಮಾನ್ಯ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ. ಒಂದು ಗಂಟೆ ಕೂತು ಮಾತಾಡಿ ಬರೋದಕ್ಕೆ ಓಪಿಡಿ ಕವರ್, ಅಂದರೆ ಅಡ್ಮಿಟ್ ಆಗದೆ ತೋರಿಸಿಕೊಂಡು ಬರೋದಕ್ಕೂ ದುಡ್ಡು ಕೊಡೋ ವಿಮೆ ಬೇಕು. ಆಯುಷ್ಮಾನ್ ಕಾರ್ಡೂ ಹೆಚ್ಚುಕಮ್ಮಿ ಅಡ್ಮಿಟ್ ಆಗುವವರಿಗೇ. ಸರ್ಕಾರಿ ಆಸ್ಪತ್ರೆಗೆ ಹೋದರೆ ಈ ತಲೆನೋವೇ ಇಲ್ಲ, ಓಪಿಡಿ ಚೀಟಿಯಲ್ಲೇ ಮುಗಿಯುತ್ತದೆ.

ಕಂಪನಿ ಪಾಲಿಸಿ ನಂಬೋದಾದರೆ ಮೊದಲು ಅದರಲ್ಲಿ ಅತ್ತೆ ಹೆಸರು ಇದೆಯಾ ನೋಡಿ. ಇದ್ದರೆ ಕಾರ್ಡಿನ ಹಿಂದಿರುವ ನಂಬರಿಗೆ ಸುಮ್ನೆ ಫೋನ್ ಮಾಡಿ ಬಿಡಬೇಡಿ, ಮೇಲ್ ಹಾಕಿ: ಓಪಿಡಿ ಕೌನ್ಸೆಲಿಂಗ್‌ಗೆ ಕೊಡ್ತೀರಾ, ಸೋಶಿಯಲ್ ವರ್ಕರ್ ಬಿಲ್ ನಡೆಯುತ್ತಾ, ಸೈಕಿಯಾಟ್ರಿಸ್ಟ್ ಚೀಟಿ ಬೇಕಾ? ಫೋನಿನಲ್ಲಿ ‘ಹೂಂ’ ಅಂದವರು ಕ್ಲೈಮ್ ಹೊತ್ತಿಗೆ ಕೈಗೆ ಸಿಗೋದಿಲ್ಲ.