ಹಳೆಯ ಜರ್ಮನ್ ಗಡಿಯಾರದ ಹೆಸರನ್ನು ಕೊಂಡು ಮತ್ತೆ ನಡೆಸಬಹುದೇ?

ಗಡಿಯಾರಗಳಿಗೆ ಹೆಸರಾದ ಜರ್ಮನ್ ಊರು ಗ್ಲಾಸ್‌ಹ್ಯೂಟೆಯ ಮುಚ್ಚಿಹೋದ ಗಡಿಯಾರ ಸಂಸ್ಥೆಯೊಂದರ ಹೆಸರು ಮಾರಾಟಕ್ಕಿದೆ, ಎಷ್ಟಕ್ಕೆ ಕೊಳ್ಳಬಹುದು ಎಂದು ಕೇಳಿದ್ದೀರಿ. ಡ್ರೆಸ್ಡೆನ್‌ನಲ್ಲಿದ್ದಾಗ ಇಬ್ಬರು ಪಾಲುದಾರರೊಡನೆ ನಾನೂ ಅಂಥದೇ ಒಂದು ಹೆಸರನ್ನು ಕೊಂಡು, ಎರಡೇ ವರ್ಷದಲ್ಲಿ ಕೈ ಸುಟ್ಟುಕೊಂಡೆ.

ನಮ್ಮ ತಪ್ಪು ಡಯಲ್‌ನ ಮೇಲಿತ್ತು. ಸ್ವಿಟ್ಜರ್ಲೆಂಡಿನಿಂದ ಗಡಿಯಾರದೊಳಗೆ ಕೂರುವ ಸಿದ್ಧ ಯಂತ್ರಗಳನ್ನು ತರಿಸಿ, ಗ್ಲಾಸ್‌ಹ್ಯೂಟೆಯ ಬಾಡಿಗೆ ಕೋಣೆಯಲ್ಲಿ ಮುಳ್ಳು ಕೂರಿಸಿ, ಕೇಸಿಗೆ ಹಾಕಿ, ಆರರ ಅಂಕೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಊರಿನ ಹೆಸರನ್ನು ಅಚ್ಚು ಹಾಕಿಸಿದೆವು. ಜೋಡಣೆ ಆ ಊರಿನಲ್ಲೇ ನಡೆದಿರುವಾಗ ಅಡ್ಡಿಯೇನು ಎಂಬುದು ನಮ್ಮ ವಾದ. ಆದರೆ ಗಡಿಯಾರಕ್ಕೆ ಆ ಊರಿನ ಹೆಸರು ಹಾಕಬೇಕಾದರೆ ಯಂತ್ರದ ಮೌಲ್ಯದಲ್ಲಿ ಕನಿಷ್ಠ ಅರ್ಧ ಅಲ್ಲಿಯೇ ಹುಟ್ಟಿರಬೇಕು. ಬಹುಕಾಲದ ಈ ಕಟ್ಟುಪಾಡು 2022ರಲ್ಲಿ ಸರ್ಕಾರಿ ನಿಯಮವೂ ಆಯಿತು. ಹೊರಗಿನ ಚಿನ್ನದ ಕೇಸು, ತೊಗಲಿನ ಪಟ್ಟಿ ಎಷ್ಟೇ ದುಬಾರಿಯಾದರೂ ಆ ಲೆಕ್ಕಕ್ಕೆ ಬರುವುದಿಲ್ಲ. ವಕೀಲರ ಪತ್ರ ಬಂದ ದಿನ 300 ಡಯಲ್‌ಗಳು ಗುಜರಿಯಾದವು. ಊರಿನ ಹೆಸರಿಲ್ಲದ ನಮ್ಮ ಗಡಿಯಾರವನ್ನು ಆ ಬೆಲೆಗೆ ಕೊಳ್ಳುವವರು ಯಾರೂ ಇರಲಿಲ್ಲ.

ಅದೇ ಊರಿನ ಗಡಿಯಾರ ಸಂಸ್ಥೆ ಲಾಂಗೆಯ ಉದಾಹರಣೆ ಕೊಟ್ಟಿದ್ದೀರಿ; ನಾವೂ ಅದನ್ನೇ ಜಪಿಸುತ್ತಿದ್ದೆವು. 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಕಟ್ಟಿದ ಸಂಸ್ಥೆಯನ್ನು 1948ರಲ್ಲಿ, ಪೂರ್ವ ಜರ್ಮನಿ ಇನ್ನೂ ಸೋವಿಯತ್ ಆಕ್ರಮಿತ ವಲಯವಾಗಿದ್ದಾಗ, ಅಲ್ಲಿನ ಆಡಳಿತ ಕಿತ್ತುಕೊಂಡಿತು. ಮರಿಮಗ ವಾಲ್ಟರ್ ಲಾಂಗೆ 66ನೆಯ ವಯಸ್ಸಿನಲ್ಲಿ, 1990ರ ಡಿಸೆಂಬರ್ 7ರಂದು, ಅದನ್ನು ಮತ್ತೆ ನೋಂದಾಯಿಸಿದರು. ಜನ ನೆನಪಿಡುವುದು ಇಷ್ಟನ್ನೇ. ಮೊದಲ ನಾಲ್ಕು ಮಾದರಿಗಳು ಹೊರಬಂದದ್ದು 1994ರ ಅಕ್ಟೋಬರ್ 24ರಂದು, ಅಂದರೆ ಸುಮಾರು ನಾಲ್ಕು ವರ್ಷ ಮಾರಲು ಒಂದು ಗಡಿಯಾರವೂ ಇಲ್ಲದೆ ಅವರು ಸ್ವಂತ ಯಂತ್ರ ರೂಪಿಸುತ್ತಿದ್ದರು. ಬೆನ್ನಿಗೆ ಸ್ವಿಸ್ ಗಡಿಯಾರ ಸಂಸ್ಥೆಗಳಾದ ಐಡಬ್ಲ್ಯುಸಿ, ಯೇಗರ್-ಲೆಕೂಲ್ಟ್ರ್‌ಗಳನ್ನು ನಡೆಸುತ್ತಿದ್ದ ಗುಂಟರ್ ಬ್ಲೂಮ್‌ಲೈನ್ ಇದ್ದರು. ಊರಿನ ಸರ್ಕಾರಿ ಕಾರ್ಖಾನೆ ಅಷ್ಟು ವರ್ಷ ನಿಲ್ಲದೆ ನಡೆದಿದ್ದರಿಂದ ಪಳಗಿದ ಕೈಗಳೂ ಅಲ್ಲಿಯೇ ಇದ್ದವು. ಲಾಂಗೆ ಗಡಿಯಾರದ ಬೆನ್ನು ತಿರುಗಿಸಿದರೆ ಯಂತ್ರದ ಮುಕ್ಕಾಲು ಭಾಗ ಮುಚ್ಚುವ, ಜರ್ಮನ್ ಸಿಲ್ವರ್ ಎಂಬ ತಾಮ್ರ-ನಿಕಲ್-ಸತು ಮಿಶ್ರಲೋಹದ ಲೇಪವಿಲ್ಲದ ಫಲಕ, ನೀಲಿ ತಿರುಪು, ಕೈಯಿಂದ ಕೆತ್ತಿದ ಹೂಬಳ್ಳಿ ಕಾಣುತ್ತವೆ. ನಮ್ಮದರ ಹಿಂಬದಿಗೆ ಒಳಗಿನದು ಕಾಣಬಾರದೆಂದೇ ನಾವು ಗಾಜು ಹಾಕಿರಲಿಲ್ಲ.

ಆದ್ದರಿಂದ ಬೆಲೆಯ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಯಂತ್ರ ಮಾಡುವವರು ಸಿಗುವ ತನಕ ಹೆಸರಿಗೆ ಒಂದು ಯೂರೋ ಕೂಡ ಕೊಡಬೇಡಿ. ಕೊಳ್ಳುವುದೇ ಆದರೆ, ಕಳೆದ 5 ವರ್ಷಗಳಲ್ಲಿ ಆ ಹೆಸರಿನ ಗಡಿಯಾರ ಮಾರಿದ ಬಿಲ್ಲುಗಳನ್ನು ಮೊದಲು ಕೇಳಿ. ಅಷ್ಟು ಕಾಲ ಬಳಸದ ವ್ಯಾಪಾರ ಗುರುತನ್ನು (ಟ್ರೇಡ್‌ಮಾರ್ಕ್) ಜರ್ಮನಿಯಲ್ಲಿ ಯಾರು ಬೇಕಾದರೂ ರದ್ದುಮಾಡಿಸಬಹುದು.