ಬೆಕ್ಕಿಗೆ ಹಾಲಿಗಿಂತ ಆಪರೇಷನ್, ಮಕ್ಕಳಿಗೆ ದಿನಾ ಸಿಗುವ ಊಟ

ಅಕ್ಕಾ, ನಮ್ಮ ಗಿಡ ಬೆಳೆಸುವವರ ಗುಂಪು ಸಸಿ ಮಾರಿ ಬಂದ ಹಣವನ್ನು ಬೀದಿ ಬೆಕ್ಕುಗಳಿಗೂ, ಪಕ್ಕದಲ್ಲಿ ಕಟ್ಟುತ್ತಿರುವ ಕಟ್ಟಡದ ಕೂಲಿಯವರ ಶೆಡ್ಡಿನಲ್ಲಿರುವ ಮಕ್ಕಳ ಊಟಕ್ಕೂ ಕೊಡಬೇಕು, ಬೆಂಗಳೂರಿನಲ್ಲಿ ಯಾರಿಗೆ ಕೊಡೋಣ ಅಂತ ಕೇಳಿದ್ದೀರಿ. ಬೆಕ್ಕಿಗೆ ಹಾಲು, ಮಕ್ಕಳಿಗೆ ಒಂದು ದಿನ ಅನ್ನದಾನ ಅಂತ ಗುಂಪಿನಲ್ಲಿ ಕೆಲವರು ಹೇಳಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇರುವ ಸ್ವಲ್ಪ ಹಣ ಒಂದೇ ದಿನಕ್ಕೆ ಕರಗಿಹೋಗಬಾರದು.

ಮೊದಲು ಬೆಕ್ಕಿನ ವಿಷಯ. ಹಸುವಿನ ಹಾಲು ಎಷ್ಟೋ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ಮರಿಗಳಂತೂ ಭೇದಿಯಾಗಿ ಸತ್ತೇ ಹೋಗಬಹುದು. ಬೆಕ್ಕು ಗಬ್ಬವಾಗಿ ಮರಿ ಹಾಕಲು ಎರಡು ತಿಂಗಳು ಸಾಕು. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ತಾಯಿ ಹಾಲೂಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗಬಹುದು. ಹಾಗಾಗಿ ಮರಿಯಾಗದಂತೆ ಆಪರೇಷನ್ ಮಾಡಿಸದೆ ಬರೀ ಊಟ ಹಾಕುತ್ತಾ ಹೋದರೆ, ವರ್ಷದೊಳಗೆ ನಿಮ್ಮ ತಾರಸಿ ತುಂಬಾ ಬೆಕ್ಕು, ಅಕ್ಕಪಕ್ಕದವರ ಜೊತೆ ಜಗಳ. ಆಮೇಲೆ ಯಾರೋ ಚೀಲಕ್ಕೆ ತುಂಬಿ ದೂರ ಬಿಟ್ಟು ಬರುತ್ತಾರೆ. ಹೊಸ ಜಾಗದಲ್ಲಿ ಅವು ಬದುಕುವುದು ಕಷ್ಟ. ಇಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬರುತ್ತದೆ, ಅಷ್ಟೇ.

ಬೆಂಗಳೂರಿನಲ್ಲಿ ಪ್ರಾಣಿಗಳ ಆರೈಕೆಯ ಸಂಸ್ಥೆ ಕ್ಯೂಪಾ 1991ರಿಂದ ಇದೆ. ಮಂಗಳೂರಿನವರು ಓದುತ್ತಿದ್ದರೆ, ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಕೇಳಿ ನೋಡಿ. ಇಂಥ ಸಂಸ್ಥೆಗಳಲ್ಲಿ ಸದಾ ಜಾಗ ತುಂಬಿರುತ್ತದೆ. ಮರಿಗಳನ್ನು ಡಬ್ಬಿಯಲ್ಲಿಟ್ಟು ಗೇಟಿನ ಮುಂದೆ ಬಿಟ್ಟು ಬರಬೇಡಿ. ಮೊದಲು ಫೋನ್ ಮಾಡಿ, ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಳ್ಳಿ. ಹಿಡಿಯಲು ಬೋನು ಸಿಗುತ್ತಾ ಅಂತಲೂ ಕೇಳಿ. ಬೋನಿನೊಳಗೆ ಸ್ವಲ್ಪ ಮೀನಿಟ್ಟರೆ ಬರುತ್ತವೆ. ಬಾಗಿಲು ಬಿದ್ದ ಕೂಡಲೇ ಮೇಲೆ ಬಟ್ಟೆ ಮುಚ್ಚಿ, ಗಾಬರಿ ಕಡಿಮೆಯಾಗುತ್ತದೆ. ನಿಮ್ಮ ಮನೆಯ ತಾಯಿ ಬೆಕ್ಕಿಗೆ ಅವಸರ ಬೇಡ. ಮರಿಗಳು ತಾವೇ ತಿನ್ನಲು ಕಲಿಯಲಿ, ಆಮೇಲೆ ಕರೆದುಕೊಂಡು ಹೋಗಿ. ಅದೇ ದಿನ ರೇಬೀಸ್ ಲಸಿಕೆಯೂ ಆಗಲಿ. ಕಿವಿಯ ತುದಿ ಸ್ವಲ್ಪ ಕತ್ತರಿಸುತ್ತಾರೆ, ಬೇಜಾರಾಗಬೇಡಿ. ಆಪರೇಷನ್ ಆಗಿದೆ ಅಂತ ದೂರದಿಂದಲೇ ತಿಳಿಯಲು ಅದು, ಇಲ್ಲದಿದ್ದರೆ ಪಾಪ ಅದನ್ನೇ ಮತ್ತೆ ಹಿಡಿಯುತ್ತಾರೆ.

ಊಟ ಹಾಕುವುದಾದರೆ ಒಂದೇ ಜಾಗ, ಒಂದೇ ಹೊತ್ತು. ತಿಂದು ಉಳಿದದ್ದನ್ನು ತೆಗೆದುಬಿಡಿ. ಈರುಳ್ಳಿ, ಬೆಳ್ಳುಳ್ಳಿ ಇರುವ ಸಾರು ಕೊಡಬೇಡಿ, ಅವು ಬೆಕ್ಕಿಗೆ ವಿಷ. ಜ್ವರ ಅಂತ ಪ್ಯಾರಸಿಟಮಾಲ್ ಅಂತೂ ಬೇಡವೇ ಬೇಡ, ಒಂದು ಮಾತ್ರೆ ಸಾಕು ಕೊಲ್ಲಲು.

ಕುಂಡಗಳಲ್ಲಿ ಗಲೀಜು ಮಾಡುತ್ತವೆ ಅಂತಲೂ ಬರೆದಿದ್ದೀರಿ. ಒಂದು ಅಗಲ ಟಬ್ಬಿನಲ್ಲಿ ಮರಳು ತುಂಬಿ ಮೂಲೆಯಲ್ಲಿಡಿ, ಹೆಚ್ಚಿನವು ಅಲ್ಲಿಗೇ ಹೋಗುತ್ತವೆ. ಸೊಪ್ಪಿನ ಕುಂಡಗಳಲ್ಲಿ ಒಣ ಕಡ್ಡಿಗಳನ್ನು ಒತ್ತಾಗಿ ಚುಚ್ಚಿ. ಬೆಕ್ಕಿನ ಹೇಲಿನಿಂದ ಟಾಕ್ಸೋಪ್ಲಾಸ್ಮಾ ಅನ್ನುವ ರೋಗಾಣು ಹರಡಬಹುದು. ಅದಕ್ಕೇ ಆ ಮಣ್ಣು ಮುಟ್ಟುವಾಗ ಗ್ಲೌಸ್ ಹಾಕಿ, ಗರ್ಭಿಣಿಯರು ಮುಟ್ಟುವುದೇ ಬೇಡ. ಮಕ್ಕಳಿಗೆ ಕೊಡುವ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಲೇಬೇಕು.

ಇನ್ನು ಮಕ್ಕಳು. ಶೆಡ್ಡಿನ ಮಕ್ಕಳಿಗೆ ಒಂದು ದಿನ ಪುಳಿಯೋಗರೆ ಕೊಟ್ಟು ಬಂದರೆ ಮರುದಿನ ಮತ್ತೆ ಹಸಿವು, ಅಲ್ವಾ? ಅವರ ಹಕ್ಕಿನ ಊಟ ಪಕ್ಕದ ಬೀದಿಯಲ್ಲೇ ಬೇಯುತ್ತಿರುತ್ತದೆ. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇದೆ, ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರ. ಆರರಿಂದ ಹದಿನಾಲ್ಕರವರು ಶಾಲೆಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಜನನ ಪತ್ರ ಇಲ್ಲ, ಟಿಸಿ ಇಲ್ಲ, ಜೂನ್ ಮುಗಿದುಹೋಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ಉತ್ತರ ಕರ್ನಾಟಕದಿಂದಲೋ ಬಿಹಾರದಿಂದಲೋ ಬಂದ ಅಪ್ಪ ಅಮ್ಮನಿಗೆ ಇದು ಗೊತ್ತಿರುವುದಿಲ್ಲ, ಕೂಲಿ ಬಿಟ್ಟು ಅಲೆಯಲೂ ಆಗುವುದಿಲ್ಲ. ನಮ್ಮ ಗುಂಪಿನ ಇಬ್ಬರು ಅವರ ಜೊತೆ ಹೆಡ್ ಮಾಸ್ಟರ್ ಹತ್ತಿರ ಹೋಗಿ ಬಂದರೆ ಎಷ್ಟೋ ಕೆಲಸ ಆಯಿತು.

ಸೇರಿದ ಮಗುವಿಗೆ ಸಿಗುವುದು ಕಡಿಮೆಯಲ್ಲ. ಒಂದರಿಂದ ಐದನೇ ತರಗತಿಯವರ ಮಧ್ಯಾಹ್ನದ ಊಟದಲ್ಲಿ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಇರಬೇಕು ಅಂತ ನಿಯಮ. ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಹಾಲು 2013ರಿಂದ ಇದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ, ವಾರಕ್ಕೆ ಎರಡು ದಿನ ಇದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಶಾಲೆಗಳಿಗೆ ಊಟ ಕೊಡುವ ಅಕ್ಷಯಪಾತ್ರೆ ಸಂಸ್ಥೆಯೂ 2000ದಲ್ಲಿ ಶುರುವಾಗಿದ್ದು ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಂದ. ಅವರಿಗೆ ಹಣ ಕೊಟ್ಟರೆ ಶಾಲೆಯ ಮಕ್ಕಳಿಗೆ ಊಟ ಹೋಗುತ್ತದೆ, ಆದರೆ ಶಾಲೆಗೇ ಸೇರದ ಶೆಡ್ಡಿನ ಮಗುವಿಗೆ ಅದು ತಲುಪುವುದಿಲ್ಲ. ಸೇರಿಸುವ ಕೆಲಸ ಮೊದಲು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮ ಹಣ ಬೇಕಾಗುವುದು ಭಾನುವಾರ, ದಸರಾ ರಜೆ, ಬೇಸಿಗೆ ರಜೆಯಲ್ಲಿ. ಆಗ ಮೊಟ್ಟೆ, ಬಾಳೆಹಣ್ಣು, ಕಡಲೆಬೀಜ, ಬೆಲ್ಲ ಕೊಡೋಣ. ಮದುವೆ ಮನೆಯ ಉಳಿದ ಸಾಂಬಾರು, ಕಾಯಿ ಹಾಕಿದ ಪಲ್ಯ ತರುವುದು ಬೇಡ, ಬೇಗ ಹಳಸುತ್ತವೆ. ಶಾಲೆಗೆ ತರಕಾರಿ ಕೊಡುವ ಮುಂಚೆ ಅಡುಗೆಯವರನ್ನೇ ಕೇಳಿ. ನಾಲ್ಕು ಕಟ್ಟು ಸೊಪ್ಪು ಇನ್ನೂರು ಮಕ್ಕಳಿಗೆ ಎಲ್ಲಿಗೂ ಸಾಲದು, ಸುಮ್ನೆ ಅವರಿಗೆ ಬಿಡಿಸುವ ಕೆಲಸ ಜಾಸ್ತಿ. ಅದರ ಬದಲು ಶಾಲೆಯ ಅಂಗಳದಲ್ಲಿ ನುಗ್ಗೆ ನೆಟ್ಟು ಕೊಡೋಣ, ಅದು ನಮಗೆ ಗೊತ್ತಿರುವ ಕೆಲಸ. ಯಾವ ಮಗುವಿನ ಕೈಗೆ ತಟ್ಟೆ ಕೊಟ್ಟು ಫೋಟೋ ತೆಗೆಯುವುದೂ ಬೇಡ.

ಯಾರಿಗೇ ಹಣ ಕೊಟ್ಟರೂ ರಸೀದಿ ತೆಗೆದುಕೊಳ್ಳಿ, ಆದಾಯ ತೆರಿಗೆ ವಿನಾಯಿತಿಯ 80ಜಿ ಇದೆಯಾ ಕೇಳಿ. ಮಗು ಒಂಟಿಯಾಗಿದ್ದರೆ, ಯಾರೋ ಹೊಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈಗ ಶೆಡ್ಡಿನಲ್ಲಿ ಎಷ್ಟು ಮಕ್ಕಳು, ವಯಸ್ಸು ಎಷ್ಟೆಷ್ಟು ಅಂತ ತಿಳಿದು ಇಲ್ಲಿ ಹಾಕಿ, ಹೆಸರು ಬೇಡ. ಯಾರು ಅಂಗನವಾಡಿಗೆ, ಯಾರು ಶಾಲೆಗೆ ಅಂತ ನೋಡಿ, ಅವರ ಜೊತೆ ಹೋಗಲು ಬಿಡುವಿರುವವರನ್ನು ಗೊತ್ತುಮಾಡೋಣ.