ಚಿನ್ನದ ರೇಕು ಫೋಟೋದಲ್ಲಿ ಕಪ್ಪಾಗುವುದೇಕೆ?

ಓದುಗರ ಪ್ರಶ್ನೆಗಳು: ಕ್ಯಾಮೆರಾ ಮತ್ತು ಉಳಿದ ಕಲೆಗಳು

ಪ್ರಶ್ನೆ (ಮಾಟುಂಗಾ, ಮುಂಬಯಿ): ಮಳೆಗಾಲದಲ್ಲಿ ಊರಿನ ಮೇಳ ಇಲ್ಲಿಗೆ ಬಂದಾಗ ತೆಂಕುತಿಟ್ಟಿನ ಯಕ್ಷಗಾನ ಆಟದ ಫೋಟೋ ತೆಗೆಯುತ್ತೇನೆ. ವೇಷದ ಮುಖ ಬೆಳ್ಳಗೆ ಸುಟ್ಟಂತೆ ಬರುತ್ತದೆ, ಧೀಂಗಿಣ (ಸುತ್ತುತ್ತ ಜಿಗಿಯುವ ಕುಣಿತ) ಮಸುಕಾಗುತ್ತದೆ, ಕೆಲವು ಚಿತ್ರಗಳಲ್ಲಿ ಅಡ್ಡ ಪಟ್ಟೆ ಕಾಣುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲು ಮುಖ. ಸಭಾಂಗಣದ ಹಿಂಬದಿ ಪರದೆ ಕಪ್ಪು. ಕ್ಯಾಮೆರಾ ಇಡೀ ರಂಗಸ್ಥಳದ ಸರಾಸರಿ ನೋಡಿ, ಬೆಳಕು ಸಾಲದೆಂದು ಎಕ್ಸ್‌ಪೋಷರ್ ಏರಿಸುತ್ತದೆ. ಮ್ಯಾನುಯಲ್‌ಗೆ ಹಾಕಿ. ಎಫ್ 2.8, ಶಟರ್ 1/500 ಸೆಕೆಂಡ್, ಐಎಸ್‌ಒ 3200ರಿಂದ ಶುರು ಮಾಡಿ, ಮುಖದ ಮೇಲೆ ಸ್ಪಾಟ್ ಮೀಟರ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಆಯ್ಕೆ) ಇಟ್ಟು ಸರಿಪಡಿಸಿ. ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಕೆಂಪು ಎಲ್‌ಇಡಿ ಕೆಳಗೆ ಕೆಂಪು ಬಟ್ಟೆಯಿದ್ದರೆ ಕೆಂಪಿನ ಮಾಹಿತಿ ಮಾತ್ರ ತುಂಬಿ ಹರಿದು, ನೆರಿಗೆಯೆಲ್ಲ ಅಳಿಸಿ ಒಂದೇ ಬಣ್ಣದ ತೇಪೆಯಾಗುತ್ತದೆ. ಆಗ ಅರ್ಧ ಸ್ಟಾಪ್‌ನಿಂದ ಮುಕ್ಕಾಲು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ರಾ ಫೈಲ್‌ನಲ್ಲೇ ತೆಗೆಯಿರಿ.

ಧೀಂಗಿಣಕ್ಕೆ 1/500ಕ್ಕಿಂತ ಕಡಿಮೆ ಸಾಲದು. ಕಲಾವಿದರು ಜಿಗಿದು ಮೇಲೆ ನಿಂತಂತೆ ಕಾಣುವ ಕ್ಷಣಕ್ಕಾದರೆ 1/250 ಸಾಕು. ಆದರೆ ಕಣ್ಣಿಗೆ ಕಂಡ ಮೇಲೆ ಒತ್ತಿದರೆ ಆ ಕ್ಷಣ ಕಳೆದೇ ಹೋಗಿರುತ್ತದೆ. ಚೆಂಡೆ ಕೇಳಿ. ತಾಳದ ಲೆಕ್ಕ ಬೆರಳಿಗೆ ಹತ್ತಿದರೆ ಮುಕ್ತಾಯಕ್ಕೆ ಒಂದಿಷ್ಟು ಮೊದಲೇ ಒತ್ತಲು ಬರುತ್ತದೆ. ಯಕ್ಷಗಾನದ ಒಳ್ಳೆಯ ಫೋಟೋಗಳಲ್ಲಿ ಅರ್ಧ ಪಾಲು ಈ ಕೇಳುವಿಕೆಯದ್ದೇ.

ಪಟ್ಟೆಗೆ ಕಾರಣ ದೀಪ. ನಮ್ಮ ವಿದ್ಯುತ್ 50 ಹರ್ಟ್ಸ್. ಸಾಧಾರಣ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟೆಯಾಗಿ ಬೀಳುತ್ತದೆ. ಮೆಕ್ಯಾನಿಕಲ್ ಶಟರ್ ಬಳಸಿ, ಫ್ಲಿಕರ್ ತಡೆಯುವ ಆಯ್ಕೆಯಿದ್ದರೆ ಹಾಕಿಡಿ. ಮಾತುಗಾರಿಕೆಯ ಭಾಗದಲ್ಲಿ 1/100ಕ್ಕೆ ಇಳಿದರೆ ಈ ಪಟ್ಟೆ ಬಹುಮಟ್ಟಿಗೆ ಮಾಯ. ಅದಕ್ಕೂ ಬಗ್ಗದಿದ್ದರೆ ದೀಪವನ್ನು ಡಿಮ್ಮರ್‌ನಲ್ಲಿ ಇಳಿಸಿರಬಹುದು. ಹಾಗೆ ಇಳಿಸಿದ ಎಲ್‌ಇಡಿಯ ಮಿನುಗಿನ ಲೆಕ್ಕವೇ ಬೇರೆ.

ಫ್ಲ್ಯಾಶ್ ಖಂಡಿತ ಬೇಡ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಚುಟ್ಟಿ, ಅಂದರೆ ಬಿಳಿಯ ಉಬ್ಬು ಚುಕ್ಕೆಗಳು, ಒಂದೊಂದಾಗಿ ಎದ್ದು ಕಾಣುವುದು ಪಕ್ಕದಿಂದ ಬೀಳುವ ಬೆಳಕಿನಲ್ಲಿ. ಎದುರಿನ ಫ್ಲ್ಯಾಶ್ ಗಂಟೆಗಟ್ಟಲೆಯ ಆ ಬರವಣಿಗೆಯನ್ನು ಚಪ್ಪಟೆ ಮಾಡಿಬಿಡುತ್ತದೆ. ಜಾಗದ ವಿಷಯ: ಮೊದಲ ಸಾಲು ಬಿಟ್ಟುಬಿಡಿ, ವೇದಿಕೆಯ ಅಂಚು ಗೆಜ್ಜೆಕಾಲನ್ನು ಮುಚ್ಚುತ್ತದೆ. ಐದಾರನೇ ಸಾಲಿನ ದಾರಿ ಬದಿಯ ಕುರ್ಚಿ, 70-200 ಎಂಎಂ ಲೆನ್ಸ್ ಅನುಕೂಲ.

ಪ್ರಶ್ನೆ (ಕೋಥ್ರೂಡ್, ಪುಣೆ): ಅಮ್ಮ ಬರೆದ ಮೈಸೂರು ಶೈಲಿಯ ಚಿತ್ರಗಳನ್ನು ಪುಸ್ತಕವಾಗಿ ಮುದ್ರಿಸಬೇಕು. ಫೋಟೋದಲ್ಲಿ ಚಿನ್ನದ ರೇಕು ಒಮ್ಮೆ ಕಪ್ಪಾಗಿ, ಒಮ್ಮೆ ಬಿಳಿ ಚುಕ್ಕೆಯಾಗಿ ಬರುತ್ತಿದೆ.

ಉತ್ತರ: ಚಿನ್ನ ತನ್ನ ಎದುರಿಗಿರುವುದನ್ನು ತೋರಿಸುವ ಕನ್ನಡಿ. ಎದುರಿಗೆ ಕತ್ತಲೆ ಕೋಣೆಯಿದ್ದರೆ ಕಪ್ಪು, ಬರಿಯ ಬಲ್ಬ್ ಇದ್ದರೆ ಬಿಳಿ ಚುಕ್ಕೆ. ಆದ್ದರಿಂದ ಅದರ ಎದುರಿಗೆ ದೊಡ್ಡ ಬಿಳಿ ಮೇಲ್ಮೈ ಇರಬೇಕು.

ಚೌಕಟ್ಟಿನ ಗಾಜು ತೆಗೆಯಿರಿ. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಹಸಿರು ಗೋಡೆಯ ಕೋಣೆ ಬೇಡ, ಆ ಬಣ್ಣ ಚಿತ್ರಕ್ಕೆ ಹಾಯುತ್ತದೆ. ಒಂದೇ ಕಂಪನಿಯ, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರುತ್ತದೆಂಬ ಅಂಕ) 95ಕ್ಕೆ ಕಡಿಮೆಯಿಲ್ಲದ ಎರಡು ದೀಪಗಳನ್ನು ಎಡಬಲದಲ್ಲಿ 45 ಡಿಗ್ರಿಗೆ, ಚಿತ್ರದ ಕರ್ಣದ ಎರಡರಷ್ಟು ದೂರದಲ್ಲಿ ಇಡಿ. ಚಿತ್ರದ ನಡುವೆ, ಮುಟ್ಟದಂತೆ, ಪೆನ್ಸಿಲನ್ನು ನೇರ ಮುಂದಕ್ಕೆ ಹಿಡಿಯಿರಿ: ಎರಡೂ ನೆರಳು ಒಂದೇ ಉದ್ದ, ಒಂದೇ ಗಾಢತೆ ಇದ್ದರೆ ಬೆಳಕು ಸಮನಾಗಿದೆ. ಕ್ಯಾಮೆರಾ ನೇರ ಇದೆಯೇ ಎಂದು ತಿಳಿಯಲು ಪುಟ್ಟ ಕನ್ನಡಿಯನ್ನು ಚಿತ್ರದ ಮಟ್ಟಕ್ಕೆ ಸಮತಟ್ಟಾಗಿ ಹಿಡಿಸಿ. ಲೆನ್ಸಿನ ಬಿಂಬ ವ್ಯೂಫೈಂಡರಿನ ನಡುಮಧ್ಯೆ ಕಾಣಬೇಕು. 50ರಿಂದ 100 ಎಂಎಂ ಲೆನ್ಸ್, ಎಫ್ 8, ಐಎಸ್‌ಒ 100, ಟ್ರೈಪಾಡ್, 2 ಸೆಕೆಂಡ್ ಟೈಮರ್. ಮೊದಲ ಚಿತ್ರದಲ್ಲಿ ಬಣ್ಣ ಸರಿಹೊಂದಿಸಲು ಗ್ರೇ ಕಾರ್ಡ್ (ಬೂದು ಬಣ್ಣದ ರಟ್ಟು) ಇರಲಿ.

ಈಗ ಎರಡು ಸಲ ತೆಗೆಯಿರಿ. ಮೊದಲನೆಯದು ಬಣ್ಣಕ್ಕೆ: ಎರಡೂ ದೀಪಗಳಿಗೆ ಒಂದೇ ದಿಕ್ಕಿನಲ್ಲಿ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು), ಲೆನ್ಸಿಗೆ ಪೋಲರೈಸರ್ ಫಿಲ್ಟರ್; ಹೊಳಪು ಪೂರ್ತಿ ಇಳಿಯುವವರೆಗೆ ಫಿಲ್ಟರ್ ತಿರುಗಿಸಿ. ಬೆಳಕು ಎರಡು-ಮೂರು ಸ್ಟಾಪ್ ಕಡಿಮೆಯಾಗುತ್ತದೆ, ಶಟರ್ ಅಷ್ಟು ನಿಧಾನ ಮಾಡಿ. ಇದರಲ್ಲಿ ಬಣ್ಣ ಸರಿಯಾಗಿ ಬಂದರೂ ಚಿನ್ನ ಸತ್ತ ಕಂದು. ಎರಡನೆಯದು ಚಿನ್ನಕ್ಕೆ: ಪೋಲರೈಸರ್ ಎಲ್ಲ ತೆಗೆದು, ಕ್ಯಾಮೆರಾದ ಸುತ್ತ ಬಿಳಿ ಬೆಡ್‌ಶೀಟ್ ಕಟ್ಟಿ, ಲೆನ್ಸಿಗಷ್ಟೇ ತೂತು ಬಿಟ್ಟು, ಒಂದು ದೀಪವನ್ನು ಆ ಬಟ್ಟೆಯ ಕಡೆ ತಿರುಗಿಸಿ. ಇನ್ನೊಂದು ದೀಪ ಪಕ್ಕದಿಂದ ಓರೆಯಾಗಿ ಬೀಳಲಿ, ಮಕ್ಕು-ಸಫೇದದ (ರೇಕಿನ ಅಡಿಗೆ ಹಚ್ಚುವ ಲೇಪದ) ಉಬ್ಬು ಕೆಲಸಕ್ಕೆ ನೆರಳು ಸಿಗುವುದು ಅದರಿಂದಲೇ. ಎರಡೂ ಚಿತ್ರಗಳನ್ನು ಲೇಯರ್‌ಗಳಾಗಿ ಇಟ್ಟು ಚಿನ್ನದ ಭಾಗವನ್ನು ಎರಡನೆಯದರಿಂದ ಕೂಡಿಸಿ. ಎರಡರ ನಡುವೆ ಟ್ರೈಪಾಡ್ ಅಲುಗಿದರೆ ಅಂಚು ಕೂಡುವುದಿಲ್ಲ. ಮುದ್ರಣಕ್ಕೆ ಅಂತಿಮ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಬೇಕು. ಮುದ್ರಕರಿಂದ ಒಂದು ಪುಟದ ಪ್ರೂಫ್ ತರಿಸಿ, ಮೂಲದ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ಬಣ್ಣದ ಮುದ್ರಣದಲ್ಲಿ ಚಿನ್ನ ಹಳದಿ-ಕಂದಾಗಿಯೇ ಬರುತ್ತದೆ. ಉಬ್ಬಿನ ಬೆಳಕು-ನೆರಳು ಉಳಿದಿದ್ದರೆ ಕಣ್ಣು ಅದನ್ನು ಚಿನ್ನವೆಂದೇ ಓದುತ್ತದೆ.

ಪ್ರಶ್ನೆ (ಮಡಗಾಂವ್, ಗೋವಾ): ಹಳೆಮನೆಗಳ ಜಲವರ್ಣ ಬರೆಯುತ್ತೇನೆ. ಮೊಬೈಲ್ ಫೋಟೋ ನೋಡಿ ಬರೆದರೆ ಕಂಬಗಳು ಒಳಕ್ಕೆ ವಾಲುತ್ತವೆ, ನೆರಳು ಮಸಿಯಂತಾಗುತ್ತದೆ. ಫೋಟೋ ನೋಡಿ ಬರೆಯುವುದು ತಪ್ಪೇ?

ಉತ್ತರ: ತಪ್ಪಲ್ಲ. ರಾಜಾ ರವಿವರ್ಮ ಕೂಡ ಫೋಟೋಗಳನ್ನು ಆಧಾರವಾಗಿ ಬಳಸಿದವರು. ಫೋಟೋದ ತಪ್ಪನ್ನೂ ಸೇರಿಸಿ ನಕಲು ಮಾಡಿದಾಗಲೇ ತೊಂದರೆ.

ಮೊಬೈಲನ್ನು ಮೇಲಕ್ಕೆ ಓರೆ ಮಾಡಿದ್ದರಿಂದ ಕಂಬ ವಾಲುತ್ತದೆ. ಹಿಂದೆ ಸರಿದು, 2ಎಕ್ಸ್‌ನಲ್ಲಿ, ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆಯಿರಿ. ಅಂಗಳ ಹೆಚ್ಚು ಬಂದರೆ ಕತ್ತರಿಸಿ. ನೆರಳಿಗೆ, ವರಾಂಡದ ಕತ್ತಲ ಭಾಗದ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಏರಿಸಿ ಇನ್ನೊಂದು ಫೋಟೋ ತೆಗೆದಿಡಿ. ಅಂಗಳದ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಬಿದ್ದ ಬಿಸಿಲು ಪುಟಿದು ವರಾಂಡದ ಮಾಡಿನ ಅಡಿಗೆ ಬೆಚ್ಚನೆಯ ಬಣ್ಣ ಕೊಡುವುದು ಅದರಲ್ಲಿ ಕಾಣುತ್ತದೆ. ಆ ಬಣ್ಣವನ್ನು ಸ್ಥಳದಲ್ಲೇ, ಅಂಗೈ ಅಗಲದ ಕಾಗದದ ಮೇಲೆ ನಾಲ್ಕೈದು ಗೀಟು ಹಚ್ಚಿ ಗುರುತು ಮಾಡಿಕೊಳ್ಳಿ. ಮನೆಗೆ ಬಂದ ಮೇಲೆ ರೂಪಕ್ಕೆ ಫೋಟೋ ನೋಡಿ, ಬಣ್ಣಕ್ಕೆ ಆ ಕಾಗದ ನೋಡಿ.